ಓದುವ ಕೋಣೆಗೆ ಬಂದ ದನಿ

ನಮ್ಮ ಊರಿನಲ್ಲಿ ಬರೆದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕಿತ್ತು, ಇನ್ನೊಬ್ಬರು ಕೇಳಬೇಕಿತ್ತು. ಇಲ್ಲದಿದ್ದರೆ ಅಕ್ಷರ ಮಾಸಿಹೋಗುತ್ತಿತ್ತು. ಬಿಡಿ ಕಾಗದವಾದರೆ ಮೂರು ದಿನ, ರಟ್ಟು ಹಾಕಿದ ಪುಸ್ತಕವಾದರೆ ಒಂದು ವರ್ಷ ತಡೆಯುತ್ತಿತ್ತು. ಬೆಳಗ್ಗೆ ಅಂಗಡಿ ತೆಗೆಯುವವರು ಮೊದಲು ತಮ್ಮ ಬೋರ್ಡನ್ನು ತಾವೇ ಓದುತ್ತಿದ್ದರು. ಎದುರು ಅಂಗಡಿಯವರು "ಕೇಳಿಸ್ತು, ಕೇಳಿಸ್ತು" ಎಂದ ಮೇಲೆಯೇ ಕಸ ಗುಡಿಸುವುದು. ಮದುವೆ ಕಾಗದ ಕೊಡಲು ಬಂದವರು ಜಗಲಿಯಲ್ಲಿ ನಿಂತು ಎರಡೂ ಕಡೆಯ ಅಜ್ಜಂದಿರ ಹೆಸರಿನ ಸಮೇತ ಓದಿ, ಆಮೇಲೆ ಕಾಫಿ ಕುಡಿಯುತ್ತಿದ್ದರು. ಪ್ರೇಮಪತ್ರ ಬಂದ ಹುಡುಗಿಯರು ನಂಬಿಕೆಯ ಗೆಳತಿಯೊಬ್ಬಳನ್ನು ಕರೆದುಕೊಂಡು ಹತ್ತಿ ಮಿಲ್ಲಿನ ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಮೂರನೆಯವರ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳು ಮೊದಲ ತಿಂಗಳು ತಲೆನೋವು ಎಂದು ಗೊಣಗುತ್ತಿದ್ದರು. ಎರಡನೆಯ ತಿಂಗಳು ಅವರೂ ಔಷಧಿ ಬಾಟಲಿಯ ಚೀಟಿಯನ್ನು ಹೆಂಡತಿಯನ್ನು ಕೂರಿಸಿಕೊಂಡು ಓದುತ್ತಿದ್ದರು.

ಕಣ್ಣಿಲ್ಲದವಳಿಗೆ ಅದಕ್ಕಿಂತ ಒಳ್ಳೆಯ ಊರು ಬೇರೆ ಇರಲಿಲ್ಲ. ನಾಲ್ಕು ವರ್ಷದವಳಿದ್ದಾಗ ದಡಾರ ಬಂದು ನನ್ನ ದೃಷ್ಟಿ ಹೋಯಿತು. ದೂರದ ನಗರದ ಅಂಧರ ಶಾಲೆಯಲ್ಲಿ ಹತ್ತು ವರ್ಷ ಇದ್ದು ಬಂದೆ. ಅಲ್ಲಿ ಯಾರಾದರೂ ಓದಿ ಹೇಳಲಿ ಎಂದು ಕಾಯಬೇಕಿತ್ತು. ನಮ್ಮ ಊರಿಗೆ ಬಂದು ಬಸ್ಸಿಳಿದರೆ ಸಾಕು, ಇಡೀ ಬೀದಿ ತನ್ನನ್ನು ತಾನೇ ಓದಿಕೊಳ್ಳುತ್ತಿತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ನನಗೆ ಪುರಸಭೆಯಲ್ಲಿ ಕೇಳುಗಿಯ ಕೆಲಸ ಸಿಕ್ಕಿತು. ಕೆಲಸ ಇಷ್ಟೇ: ಪುರಸಭೆಯ ನಲವತ್ತೊಂದು ರಿಜಿಸ್ಟರುಗಳನ್ನು ಯುಗಾದಿಯಿಂದ ಯುಗಾದಿಯ ಒಳಗೆ ಒಬ್ಬರು ಓದಿ ಮುಗಿಸಬೇಕು, ನಾನು ಕೂತು ಕೇಳಬೇಕು. ನನಗಿಂತ ಎಷ್ಟೋ ಮುಂಚೆ ಒಬ್ಬ ಓದುಗ ಚರ್ಮ ಹದ ಮಾಡುವವರ ಬೀದಿಯ ಪುಟಗಳನ್ನು ಬೇಕೆಂದೇ ಹಾರಿಸಿಬಿಟ್ಟಿದ್ದನಂತೆ. ಮಾರನೆಯ ವರ್ಷ ಇನ್ನೂರು ಜನ ಹುಟ್ಟಿದ ದಾಖಲೆಯೇ ಇಲ್ಲ. ಅಂದಿನಿಂದ ಸಾಲು ಹಾರಿದರೆ ಹಿಡಿಯಲೆಂದು ಒಂದು ಒಳ್ಳೆಯ ಕಿವಿಯನ್ನು ನೇಮಿಸುವ ಪದ್ಧತಿ ಬಂತು. ಆ ಕಿವಿ ನನ್ನದಾಯಿತು.

ಓದುವವರು ಮರುಳಪ್ಪನವರು. ಅವರು ತೀರಿಹೋಗಿ ಈಗ ಆರು ವರ್ಷ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಬಾಯಿಯ ಎಡಭಾಗದಲ್ಲಿ ಯಾವಾಗಲೂ ಒಂದು ಚೂರು ಜ್ಯೇಷ್ಠಮಧು, ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ಅವರ ದನಿ ಗೋಡೆಗೆ ತಾಗಿ ವಾಪಸು ಬರುತ್ತಿರಲಿಲ್ಲ, ಕೋಣೆಯಲ್ಲಿಯೇ ನಿಲ್ಲುತ್ತಿತ್ತು. ಹುಟ್ಟಿದವರನ್ನು ಒಂದು ಶ್ರುತಿಯಲ್ಲಿ ಓದುವರು, ಸತ್ತವರನ್ನು ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗೆ. ಯಾರ ಹೆಸರನ್ನೂ ಅವಸರದಲ್ಲಿ ಓದಿದವರಲ್ಲ. ನಡುವೆ ನಿಂತು, "ನೋಡಿ ದೇವೀರಮ್ಮ, ಈ ಮನೇಲಿ ಒಂದೇ ತಿಂಗಳಲ್ಲಿ ಅತ್ತೆಗೂ ಮಗು, ಸೊಸೆಗೂ ಮಗು. ತೊಟ್ಟಿಲಿಗೆ ಏನು ಜಗಳ ಆಗಿರ್ಬೇಕು!" ಎನ್ನುವರು. ನಾನು, "ಷರಾದಲ್ಲಿ ಬರ್ದಿದಾರಾ?" ಎನ್ನುವೆ. "ಅದನ್ನೆಲ್ಲ ಬರೀತಾರಾ ತಾಯಿ, ನಾವೇ ತಿಳ್ಕೋಬೇಕು." ನಾಲ್ಕು ಗಂಟೆಗೆ ರಿಜಿಸ್ಟರ್ ಮುಚ್ಚಿ, ಪತ್ರಿಕೆಯ ಧಾರಾವಾಹಿಯ ಒಂದು ಕಂತನ್ನು ನನಗಾಗಿ ಓದುವರು. ಅದರಲ್ಲಿ ಹೆಂಗಸರ ಮಾತು ಬಂದರೆ ಮಾತ್ರ ಕೆಮ್ಮಿಕೊಂಡು ನಾಚಿಕೊಳ್ಳುವರು. ಹೀಗೆ ಇಪ್ಪತ್ತಾರು ವರ್ಷ ಕಳೆದವು.

ಆ ವರ್ಷದ ದಸರೆಗೆ ಅವರ ಗಂಟಲು ಕಟ್ಟಿತು. ಶೀತ ಎಂದುಕೊಂಡೆವು. ದೀಪಾವಳಿ ಕಳೆದರೂ ಬಿಡಲಿಲ್ಲ. ಒಂದು ದಿನ ಓದುತ್ತಾ ಓದುತ್ತಾ ದನಿ ಗಾಳಿಯಾಗಿ ಹೋಯಿತು. ನಗರದ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಇಲ್ಲಿ ಇನ್ನೂ ಆರು ರಿಜಿಸ್ಟರುಗಳು ಉಳಿದಿದ್ದವು. ಮುಖ್ಯಾಧಿಕಾರಿ ವಸಂತರಾಜು ತಾತ್ಕಾಲಿಕವಾಗಿ ಇಬ್ಬರನ್ನು ಓದಲು ತಂದರು. ಒಬ್ಬ ಗಂಟಲು ಬಿದ್ದು ಒಂದು ರಿಜಿಸ್ಟರಿಗೇ ಬಿಟ್ಟುಹೋದ. ಇನ್ನೊಬ್ಬ ಉದ್ದ ಹೆಸರುಗಳನ್ನು ನುಂಗುತ್ತಿದ್ದ. ದಿನಕ್ಕೆ ಒಂಬತ್ತು ಸಲ ನಾನು ತಡೆದು ಮತ್ತೆ ಓದಿಸುತ್ತಿದ್ದೆ. "ಈ ಯಮ್ಮನ ಎದುರು ಓದೋದು ಪೊಲೀಸ್ ಸ್ಟೇಷನ್ನಲ್ಲಿ ಕೂತಂಗೆ" ಎಂದು ಎರಡು ರಿಜಿಸ್ಟರ್ ಮುಗಿಸಿ ಅವನೂ ಹೋದ. ಮೂರು ಉಳಿದವು. ಎರಡು ಜನನದವು, ಒಂದು ಸಾಕುನಾಯಿಗಳ ಲೈಸೆನ್ಸಿನದು.

ಸಂಕ್ರಾಂತಿ ಕಳೆದ ಸೋಮವಾರ ಬಾಗಿಲಲ್ಲಿ ಗುರುತಿನ ಹೆಜ್ಜೆ ಕೇಳಿಸಿತು. ಎಡಗಾಲಿನ ಚಪ್ಪಲಿಯನ್ನು ಸ್ವಲ್ಪ ಎಳೆಯುವ ನಡಿಗೆ. "ಬಂದ್ರಾ ಮರುಳಪ್ಪನವ್ರೇ?" ಎಂದೆ. ಕುರ್ಚಿ ಸರಿಯಿತು. ಬಳಪ ಸ್ಲೇಟಿನ ಮೇಲೆ ಗೀಚುವ ಸದ್ದು ಸ್ವಲ್ಪ ಹೊತ್ತು ಬಂತು, ನಿಂತಿತು. ಬರೆದದ್ದನ್ನು ಅವರು ನನ್ನ ಮುಖದೆದುರು ಹಿಡಿದಿರಬೇಕು. ಆಮೇಲೆ ಅವರಿಗೇ ನೆನಪಾಯಿತು. ಸ್ಲೇಟು ಮೆಲ್ಲಗೆ ಮೇಜಿನ ಮೇಲೆ ಕೂತದ್ದು ಕೇಳಿಸಿತು.

ಅಷ್ಟು ವರ್ಷ ಓದಿದವರು, ಅಷ್ಟು ವರ್ಷ ಕೇಳಿದವಳು, ಎದುರುಬದುರು ಕೂತು ಒಂದು ಮಾತಾಡಲಾಗಲಿಲ್ಲ. ಅವರು ಮಾತಾಡುವಂತಿಲ್ಲ, ಬರೆದರೆ ನನಗೆ ಕಾಣುವುದಿಲ್ಲ. ಜವಾನನನ್ನು ಕರೆದು ಸ್ಲೇಟು ಓದಿಸಿದೆವು. ಆದರೆ ಎಲ್ಲವನ್ನೂ ಜವಾನನ ಬಾಯಲ್ಲಿ ಹೇಳಿಸಲಾಗುತ್ತದೆಯೇ? ಕೊನೆಗೆ ಮೇಜು ತಟ್ಟುವುದೆಂದು ಮಾಡಿಕೊಂಡೆವು. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ನೋವಿದೆಯಾ? ಟಕ್. ಊಟ ಸೇರುತ್ತಾ? ಟಕ್ ಟಕ್. ಹೀಗೆ ಪ್ರಶ್ನೆಯೆಲ್ಲ ನನ್ನದೇ ಆಯಿತು. ನನಗೆ ಕೇಳಲು ತೋಚದೇ ಹೋದದ್ದೆಲ್ಲ ಅವರಲ್ಲೇ ಉಳಿಯುತ್ತಿತ್ತು.

ಆಗ ನೆನಪಾದದ್ದು ಮೂಲೆಯಲ್ಲಿದ್ದ ಕಂಪ್ಯೂಟರು. ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಪುರಸಭೆಗೆ ಬಂದು, ಬಟ್ಟೆ ಹೊದ್ದು ಕೂತಿತ್ತು. "ಅದ್ರಲ್ಲಿ ಲಿನಕ್ಸೋ ಏನೋ ಹಾಕಿದಾರಂತಮ್ಮ, ನಮ್ಮಲ್ಲಿ ಯಾರಿಗೂ ಬರಲ್ಲ" ಎಂದರು ವಸಂತರಾಜು. "ಯುಗಾದಿ ಒಳಗೆ ಆ ಮೂರು ರಿಜಿಸ್ಟರ್ ಓದೋರು ಸಿಗ್ಲಿಲ್ಲ ಅಂದ್ರೆ ನಾನು ಜನಕ್ಕೆ ಏನಂತ ಹೇಳ್ಲಿ? ಏನಾದ್ರೂ ಮಾಡಿ, ಬೇಕಾದ್ರೆ ಅದನ್ನೂ ತಗೊಳ್ಳಿ."

ಅಂಧರ ಶಾಲೆಯ ನನ್ನ ಗೆಳತಿ ಲಿಲ್ಲಿ ಕರಾವಳಿಯವಳು, ಆಗ ನಗರದ ಒಂದು ಕಚೇರಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಳು. ಅವಳಿಗೆ ಫೋನು ಮಾಡಿದೆ. "ಎಂತ ಮಾರಾಯ್ತಿ, ಲಿನಕ್ಸಾ? ಅದ್ರಲ್ಲಿ ಪರದೆ ಓದಿ ಹೇಳುವುದು ಒಂದು ಉಂಟು, ಓರ್ಕಾ ಅಂತ. ನಾನೂ ಅದನ್ನೇ ಬಳಸುವುದು. ಕನ್ನಡವೂ ಮಾತಾಡ್ತದೆ. ಆದ್ರೆ ಅದು ಮಾತಾಡುವವರೆಗೆ ನಿನಗೆ ಕಣ್ಣಿದ್ದವರು ಒಬ್ಬರು ಬೇಕು. ಕೈ ಚುರುಕಿರುವವರು."

ಮರುಳಪ್ಪನವರಿಗೆ ಕಣ್ಣಿತ್ತು, ಆದರೆ ಕಂಡದ್ದನ್ನು ನನಗೆ ಹೇಳುವಂತಿರಲಿಲ್ಲ. ಹಾಗಾಗಿ ನಸೀಮಾ ಬಂದಳು. ಅಪ್ಪನ ಮೈಕ್‌ಸೆಟ್ ಅಂಗಡಿಯನ್ನು ನಡೆಸುತ್ತಿದ್ದವಳು, ನಲವತ್ತರ ಹೆಂಗಸು. ನಮ್ಮೂರಿನ ಯಾವ ಸಮಾರಂಭದಲ್ಲೂ ಹಾರ್ನ್ ಕಟ್ಟುವುದು ಅವಳೇ. ಬರುವಾಗ ಎರಡು ಸ್ಪೀಕರು ಹೊತ್ತುಕೊಂಡು ಬಂದಳು. ನಾನು ಫೋನನ್ನು ಮೇಜಿನ ಮೇಲಿಟ್ಟು, ಲಿಲ್ಲಿಯ ಮಾತು ಎಲ್ಲರಿಗೂ ಕೇಳುವಂತೆ ಮಾಡಿದೆ.

"ವಿಂಡೋಸ್ ಗುರುತಿನ ಕೀ, ಆಲ್ಟ್, ಎಸ್. ಮೂರನ್ನೂ ಒಟ್ಟಿಗೆ ಒತ್ತಿ" ಎಂದಳು ಲಿಲ್ಲಿ.

ನಸೀಮಾ ಒತ್ತಿದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಏನಾದ್ರೂ ಆಯ್ತಾ?"

"ಏನೂ ಇಲ್ಲ ಕಣಕ್ಕ."

ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಕಂಪ್ಯೂಟರನ್ನು ಆರಿಸಿ ಹಚ್ಚಿ ಒತ್ತಿದಳು. ಮಧ್ಯಾಹ್ನ ಊಟದ ಹೊತ್ತಾಯಿತು. ಮರುಳಪ್ಪನವರು ಎದ್ದು ಹೋಗಿ ಮೂವರಿಗೂ ಮಂಡಕ್ಕಿ ತಂದರು. ಯಂತ್ರದ ಎದುರು ಕೂತು ತಿಂದೆವು. ನನಗೆ ಒಳಗೊಳಗೇ ಅಳು ಬರುತ್ತಿತ್ತು. ಇದೂ ಆಗದಿದ್ದರೆ ನಾವಿಬ್ಬರೂ ಸಾಯುವವರೆಗೆ ಟಕ್, ಟಕ್ ಟಕ್ ಎಂದೇ ಇರಬೇಕಲ್ಲ ಎನ್ನಿಸಿತು.

ಊಟವಾದ ಮೇಲೆ ಲಿಲ್ಲಿ ಬೇರೆ ದಾರಿ ಹಿಡಿದಳು. ಟರ್ಮಿನಲ್ ಎಂಬುದನ್ನು ತೆರೆಸಿದಳು. "ಈಗ ಇಂಗ್ಲಿಷಲ್ಲಿ ಬರಿ. ಎಸ್, ಪಿ, ಡಿ, ಒಂದು ಅಡ್ಡಗೆರೆ, ಎಸ್, ಎ, ವೈ. ಒಂದು ಜಾಗ ಬಿಡು. ಹಲೋ ಅಂತ ಬರೆದು ಎಂಟರ್ ಒತ್ತು. ಅದು ನೇರ ಬಾಯಿಗೇ ಹೇಳುವ ಆಜ್ಞೆ."

ನಸೀಮಾ ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಓದುತ್ತಾ ಹೊಡೆದಳು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ನಮ್ಮೂರಿನ ಅಭ್ಯಾಸ ಅಂದು ನಮ್ಮನ್ನು ಕಾಪಾಡಿತು. ಲಿಲ್ಲಿಗೆ ಅಲ್ಲಿ ಕೂತೇ ಪರದೆಯೆಲ್ಲ ತಿಳಿಯುತ್ತಿತ್ತು.

"ಎಂಟರ್ ಒತ್ದೆ. ಸುಮ್ನೆ ಮುಂದಿನ ಸಾಲಿಗೆ ಹೋಯ್ತು. ಸದ್ದಿಲ್ಲ."

"ತಪ್ಪು ಅಂತ ಏನಾದ್ರೂ ತೋರಿಸ್ತಾ?"

"ಇಲ್ಲ."

"ಹಾಗಾದ್ರೆ ಅದು ಮಾತಾಡ್ತಾ ಉಂಟು, ನಸೀಮಾ. ನಿಮಗೆ ಕೇಳುದಿಲ್ಲ ಅಷ್ಟೇ."

ಮೇಜಿನ ಆ ತುದಿಯಿಂದ ಒಂದು ತಟ್ಟು ಕೇಳಿಸಿತು. ಪ್ರಶ್ನೆ ನಾನು ಕೇಳಿರಲಿಲ್ಲ. ಆದರೂ ಮರುಳಪ್ಪನವರು ಹೌದು ಎಂದಿದ್ದರು.

ಮಾತಾಡುತ್ತಿದ್ದೂ ಕೇಳಿಸುತ್ತಿಲ್ಲ ಎಂದ ಮೇಲೆ ಅದು ನಸೀಮಾಳ ವಿದ್ಯೆಗೆ ಬಂತು. "ಇದು ನನ್ ಕೆಲಸ, ಬಿಡಿ" ಎಂದಳು. ಸ್ಪೀಕರಿನ ಪಿನ್ನು ಕಿತ್ತು, ಅದರ ತುದಿಗೆ ಬೆರಳು ಮುಟ್ಟಿಸಿದಳು. ಸ್ಪೀಕರು ಬುರ್‌ ಎಂದು ಗುರುಗುಟ್ಟಿತು. "ಹಾರ್ನ್ ಸರಿ ಇದೆ. ವೈರೂ ಸರಿ ಇದೆ. ಹಾಗಾದ್ರೆ ಇದರ ಮಾತು ಎಲ್ಲಿಗೆ ಹೋಗ್ತಿದೆ?" ಮೇಜಿನ ಕೆಳಗೆ ಬಗ್ಗಿ ಒಂದೊಂದೇ ವೈರನ್ನು ಕೈಯಲ್ಲಿ ಹಿಡಿದು ಹೋದಳು. ಆಮೇಲೆ ಎದ್ದು, ಲಿಲ್ಲಿ ಹೇಳಿದಂತೆ ಸೌಂಡಿನ ಸೆಟ್ಟಿಂಗು ತೆಗೆದಳು. ಓದುತ್ತಾ ಓದುತ್ತಾ ನಡುವೆ ನಿಂತು ಹಣೆ ಚಚ್ಚಿಕೊಂಡಳು.

"ಅಯ್ಯೋ ಅಲ್ಲಾ! ಇಲ್ಲಿ ಎರಡು ದಾರಿ ಇದೆ ಅಕ್ಕ. ಒಂದು ಸ್ಪೀಕರಿಗೆ, ಒಂದು ಆ ದಪ್ಪ ವೈರಲ್ಲಿ ಪರದೆಗೆ. ಇದು ಪರದೆ ಕಡೆ ಕಳಿಸ್ತಾ ಇದೆ. ಆ ಪರದೆಗೆ ಸ್ಪೀಕರೇ ಇಲ್ಲ! ಮೈಕ್ ಇಲ್ಲಿಟ್ಟು ಹಾರ್ನ್ ಪಕ್ಕದೂರಲ್ಲಿ ಕಟ್ಟಿದಂಗಾಯ್ತು!"

ದಾರಿ ಬದಲಿಸಿದಳು. ತಕ್ಷಣ ಕೋಣೆಯಲ್ಲಿ ಯಾರೋ ಗಂಡಸು ಇಂಗ್ಲಿಷಿನಲ್ಲಿ ಗಡಗಡ ಮಾತಾಡಿದ. ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡವನ ಹಾಗಿತ್ತು. ಮರುಳಪ್ಪನವರ ಕುರ್ಚಿ ಹಿಂದಕ್ಕೆ ಜಿಗಿಯಿತು. ಫೋನಿನಲ್ಲಿ ಲಿಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು.

ಆದರೆ ಕನ್ನಡ ಬರೆದರೆ ಅವನು ಓದಲು ಬಾರದೆ "ಲೆಟರ್, ಲೆಟರ್" ಎಂದು ಇಂಗ್ಲಿಷಿನಲ್ಲಿ ಎಣಿಸುತ್ತಿದ್ದ. ಲಿಲ್ಲಿಗೆ ಅಂದು ಡ್ಯೂಟಿ ಮುಗಿಯಿತು. ಮಾರನೆಯ ಬೆಳಗ್ಗೆ ಮತ್ತೆ ಕೂತೆವು. ಓರ್ಕಾದ ಆಯ್ಕೆಗಳ ಕಿಟಕಿ ತೆಗೆದು, ಧ್ವನಿಯ ಪಟ್ಟಿಯಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗಿ ಕನ್ನಡ ಹುಡುಕಿದಳು ನಸೀಮಾ. ವೇಗ ಅರ್ಧಕ್ಕೆ ಇಳಿಸಿದಳು. ಕೀಲಿ ಒತ್ತಿದಂತೆಲ್ಲ ಆ ಅಕ್ಷರ ಹೇಳುವಂತೆ ಮಾಡಿದಳು. ಆಮೇಲೆ ಎದ್ದು, "ಬನ್ನಿ ಮರುಳಪ್ಪಣ್ಣ, ನೀವು ಕೂತ್ಕೊಳ್ಳಿ" ಎಂದಳು.

ಅವರಿಗೆ ಹಿಂದೆ ಯಾವಾಗಲೋ ಕನ್ನಡ ಟೈಪಿಂಗ್ ಬರುತ್ತಿತ್ತು. ಬೆರಳುಗಳು ಮರೆತಿದ್ದವು. ಒಂದು ಅಕ್ಷರ ಹುಡುಕುವುದು, ಒತ್ತುವುದು, ಯಂತ್ರ ಹೇಳುವುದು. ತಪ್ಪಿದರೆ ಅಳಿಸುವುದು, ಅಳಿಸಿದ್ದನ್ನೂ ಯಂತ್ರ ಹೇಳುವುದು. ಕಾಲು ಗಂಟೆಯಾಯಿತು. ಸಾಲಿನ ಮೊದಲಿಗೆ ಹೋಗಿ ಇಡೀ ಸಾಲನ್ನು ಓದಿಸಿದರು. ಏರಿಳಿತವಿಲ್ಲದ, ಮೂಗಿನಿಂದ ಬಂದಂಥ ಒಂದು ದನಿ ಹೇಳಿತು:

"ದೇವೀರಮ್ಮ ನಿಮ್ಮ ಮುಖಕ್ಕೆ ಬಿಸಿಲು ಬೀಳುತ್ತಿದೆ ಕಿಟಕಿ ಹಾಕಲಾ."

ಎರಡು ತಿಂಗಳಿಗೂ ಮೇಲಾದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಎಷ್ಟು ದಿನದಿಂದ ಆ ಬಿಸಿಲನ್ನು ನೋಡುತ್ತಾ ಕೂತಿದ್ದರೋ. "ಬೇಡ, ಹಿತವಾಗಿದೆ" ಎಂದೆ. ನಸೀಮಾ ವೈರು ತರುತ್ತೇನೆಂದು ಹೊರಗೆ ಹೋದಳು.

ಯಂತ್ರದ ಓದು ನಮ್ಮ ಊರಿನಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಎಲ್ಲರಿಗೂ ಇತ್ತು. ಒಂದು ಬಿಡಿ ಹಾಳೆಯ ಮೇಲೆ ವಸಂತರಾಜು ಶಾಯಿಯಲ್ಲಿ ಹತ್ತು ಸಾಲು ಬರೆದರು. ಮರುಳಪ್ಪನವರು ಅದನ್ನು ನೋಡಿಕೊಂಡು ಐದೇ ಸಾಲು ಟೈಪು ಮಾಡಿದರು, ಯಂತ್ರ ಓದಿತು, ನಾನು ಕೇಳಿದೆ. ನಾಲ್ಕನೆಯ ದಿನ ವಸಂತರಾಜು ಹಾಳೆಯನ್ನು ಬೆಳಕಿಗೆ ಹಿಡಿದರು. "ಐದು ಸಾಲು ಕಪ್ಪಗೇ ಇದೆ ಕಣಮ್ಮ. ಇನ್ನೈದು ಮಂಗಮಾಯ!" ಎಂದು ಮಕ್ಕಳಂತೆ ಕೂಗಿದರು.

ಅಂದಿನಿಂದ ಮತ್ತೆ ನಮ್ಮ ಕೋಣೆ ಕೋಣೆಯಾಯಿತು. ಮರುಳಪ್ಪನವರ ಕಣ್ಣು, ಬೆರಳು, ಯಂತ್ರದ ಬಾಯಿ, ನನ್ನ ಕಿವಿ. ಮೊದಲು ಒಂದು ವಾರದಲ್ಲಿ ಮುಗಿಯುತ್ತಿದ್ದ ರಿಜಿಸ್ಟರಿಗೆ ಈಗ ಒಂದು ತಿಂಗಳು. ಜನನದ ಷರಾದಲ್ಲಿ ಮಗು ತೀರಿಕೊಂಡದ್ದು ಬಂದರೂ ಯಂತ್ರಕ್ಕೆ ಹುಟ್ಟೂ ಒಂದೇ, ಸಾವೂ ಒಂದೇ. ಅರ್ಧ ಮೆಟ್ಟಿಲು ಇಳಿಯುವುದು ಅದಕ್ಕೆ ಗೊತ್ತಿರಲಿಲ್ಲ. ಹಳೆಯ ದನಿ ನೆನಪಾಗಿ ಒಮ್ಮೊಮ್ಮೆ ನನಗೆ ಯಂತ್ರದ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ನಡುನಡುವೆ ಅದೇ ಮೂಗಿನ ದನಿ, "ಈ ಮನೆಯಲ್ಲಿ ಮೂರು ಹೆಣ್ಣಿಗೂ ಗಂಗೆ ಎಂದೇ ಹೆಸರು ಕರೆದರೆ ಯಾರು ಬರುತ್ತಿದ್ದರೋ" ಎನ್ನುವುದು. ಆಗ ಒಳಗಿರುವವರು ಯಾರೆಂದು ಗೊತ್ತಾಗುತ್ತಿತ್ತು. ನಾಯಿ ಲೈಸೆನ್ಸಿನ ರಿಜಿಸ್ಟರನ್ನು ಕೈಬಿಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಆ ನಾಯಿಗಳಿಗೆ ಹೇಗೂ ಓದು ಬರುವುದಿಲ್ಲ ಎಂದು ಅವರು ಟೈಪು ಮಾಡಿದರು.

ಯುಗಾದಿಗೆ ಎಂಟು ದಿನ ಇದ್ದಾಗ ಕೊನೆಯ ಜನನ ರಿಜಿಸ್ಟರಿನಲ್ಲಿ ನನ್ನ ಪುಟ ಬಂತು. ಪ್ರತಿ ವರ್ಷವೂ ಬರುತ್ತಿತ್ತು. ಮಗುವಿನ ಹೆಸರು ದೇವೀರಮ್ಮ, ತಾಯಿ ಕೆಂಚಮ್ಮ, ಮನೆ ಹತ್ತಿ ಮಿಲ್ಲಿನ ಸಾಲು. ಕೊನೆಯಲ್ಲಿ "ಷರಾ, ಆರೋಗ್ಯವಂತ ಮಗು" ಎಂದು ಮರುಳಪ್ಪನವರು ಸ್ವಲ್ಪ ಎಳೆದು ಓದುತ್ತಿದ್ದರು. ನನಗದು ಖುಷಿ. ಅಂದೂ ಯಂತ್ರ ಅಕ್ಷರ ಅಕ್ಷರವಾಗಿ ಅಲ್ಲಿಯವರೆಗೆ ಬಂತು. ಷ, ರಾ. ಆಮೇಲೆ ಆ. ರೋ. ನಿಂತಿತು. ಬೆರಳು ಹಿಂದಕ್ಕೆ ಹೋಯಿತು. ರೋ, ಆ, ಎಂದು ಅಳಿಸಿದ್ದನ್ನು ಯಂತ್ರ ಹೇಳಿತು. ಮತ್ತೆ ಆ. ಮತ್ತೆ ಅಳಿಸಿದರು.

"ಯಾಕೆ ಅಳಿಸ್ತೀರಿ?" ಎಂದೆ. "ಆರೋಗ್ಯವಂತ ಮಗು ಅಂತಲ್ವಾ?"

ಎರಡು ತಟ್ಟು. ಇಲ್ಲ.

"ಮತ್ತೆ ಇಷ್ಟು ವರ್ಷ ಓದ್ತಿದ್ರಲ್ಲ?"

ಆಮೇಲೆ ಕೀಲಿಗಳು ನಿಧಾನವಾಗಿ ಮಾತಾಡತೊಡಗಿದವು. "ಅಲ್ಲಿ ಈಗ ಏನೂ ಇಲ್ಲ. ನೀವು ಕೆಲಸಕ್ಕೆ ಸೇರಿದ ಮೊದಲ ವರ್ಷ ಏನೋ ಇತ್ತು. ನಿಮ್ಮೆದುರು ಓದಲು ಬಾಯಿ ಬರಲಿಲ್ಲ. ಬೇರೆ ಓದಿದೆ. ಮಾರನೆಯ ವರ್ಷಕ್ಕೆ ಆ ಜಾಗ ಬೆಳ್ಳಗಾಗಿತ್ತು. ಬಾಯಿಮಾತು ಗಾಳಿಗೆ ಹೋಗುತ್ತದೆ. ಸುಳ್ಳು ಬರೆಯಲು ಕೈ ಬರುತ್ತಿಲ್ಲ."

ಸಾಲು ಹಾರಿಸುವುದನ್ನು ಹಿಡಿಯುವುದೇ ನನ್ನ ಕೆಲಸ. ನನ್ನ ಪುಟದಲ್ಲಿಯೇ, ನನ್ನ ಕಿವಿಯೆದುರಿಗೇ ಇಪ್ಪತ್ತಾರು ವರ್ಷ ಹಾರಿಸಿದ್ದರು. ಅಪ್ಪನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಂದು ಮೊದಲಿಂದ ಓದುತ್ತಿದ್ದರು, ಅದು ನನಗೆ ಗೊತ್ತಿತ್ತು. ಅದಕ್ಕಿಂತ ಕೆಟ್ಟದ್ದು ಏನಿತ್ತು ಅಲ್ಲಿ? ಯಾರ ಮೇಲೆ, ಅವ್ವನ ಮೇಲೋ, ನನ್ನ ಮೇಲೋ?

"ಏನಿತ್ತು ಅಂತ ಬರೀರಿ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಅವರ ಉಸಿರು ಕುತ್ತಿಗೆಯ ತೂತಿನಿಂದ ಸುಂಯ್ ಎಂದು ಹೋಗಿ ಬರುವುದು ಕೇಳಿಸುತ್ತಿತ್ತು. ಆಮೇಲೆ ಮೊದಲ ಕೀಲಿ ಬಿತ್ತು. ಅ, ಎಂದಿತು ಯಂತ್ರ. ಎರಡನೆಯದು ಬೀಳುವ ಮೊದಲು ನಾನು ಎದ್ದು, ಮೇಜಿನ ಆಚೆಗೆ ಚಾಚಿ, ಎರಡೂ ಅಂಗೈಗಳನ್ನು ಕೀಲಿಮಣೆಯ ಮೇಲೆ, ಅವರ ಬೆರಳುಗಳ ಮೇಲೆ ಒತ್ತಿಬಿಟ್ಟೆ. ಹುಟ್ಟಿದಾರಭ್ಯ ಕೇಳಿಕೊಂಡೇ ಬಂದವಳು ನಾನು. ಆ ಒಂದನ್ನು ಕೇಳುವುದು ಬೇಡವೆನಿಸಿತು.

ಅಷ್ಟೂ ಕೀಲಿಗಳು ಒಟ್ಟಿಗೆ ಒತ್ತಿದ್ದಕ್ಕೆ ಯಂತ್ರ ದಿಕ್ಕೆಟ್ಟು ಹೋಯಿತು. "ಗ ಗ ಗ ಡ ಹ ಜ ಳ ಕ ಕ ಕ" ಎಂದು ನಿಲ್ಲದೆ ಒದರತೊಡಗಿತು. ನಾನು ಕೈ ತೆಗೆದರೂ ನಿಲ್ಲಲಿಲ್ಲ. ಅದು ಒದರಿದ್ದನ್ನೆಲ್ಲ ಇಬ್ಬರೂ ಕೇಳಿದೆವು. ಕೊನೆಗೆ ಅದಕ್ಕೇ ಸುಸ್ತಾಯಿತು.

"ಮರುಳಪ್ಪನವ್ರೇ," ಎಂದೆ, ಕೂತುಕೊಂಡು. "ನಿಜ ಹೇಳಿ. ಹಿಂಗೆ ಎಷ್ಟು ಕಡೆ ಮಾಡಿದೀರಿ?"

ಸ್ವಲ್ಪ ಯೋಚಿಸಿ ಒತ್ತಿದರು. "ಹದಿನೇಳು."

"ನನ್ನ ಕಿವಿ ಎದುರಿಗೇ?"

ಟಕ್.

"ಊರಿನೋರೆಲ್ಲ ದೇವೀರಮ್ಮನ ಕಿವಿ, ದೇವೀರಮ್ಮನ ಕಿವಿ ಅಂತಾರೆ. ನಾನು ಹದಿನೇಳು ಸಲವೂ ಕೇಳುಗಿ ಅಂತ ಸಹಿ ಹಾಕಿದೀನಾ?"

ಟಕ್.

ನನಗೆ ಏನಾಯಿತೋ, ಒಳಗಿನಿಂದ ನಗು ಉಕ್ಕಿ ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮೇಜಿನ ಮೇಲೆ ಹಣೆಯಿಟ್ಟು ನಕ್ಕೆ. ಆಮೇಲೆ ಕೀಲಿ ಬಿದ್ದ ಸದ್ದು. "ಹ," ಎಂದಿತು ಯಂತ್ರ, ಪಾಠ ಒಪ್ಪಿಸುವ ಮಗುವಿನ ಗಾಂಭೀರ್ಯದಲ್ಲಿ. "ಹ. ಹ. ಹ." ನನ್ನ ಹಣೆಯ ಕೆಳಗೆ ಮೇಜು ಅಲುಗುತ್ತಿತ್ತು. ಫ್ಲಾಸ್ಕಿನ ಮುಚ್ಚಳ ಕಿಟಿಕಿಟಿ ಎನ್ನುತ್ತಿತ್ತು. ಮರುಳಪ್ಪನವರು ಮೈಯೆಲ್ಲ ಕುಲುಕಿಸಿಕೊಂಡು ನಗುತ್ತಿದ್ದರು.